ತಿದ್ದಿದ ಭತ್ತ: ತಿಳಿದು ಬಿತ್ತೋಣ



2025ನೆಯ ಇಸವಿ ಮೇ 4ರಂದು ಭತ್ತದ ಬೀಜದ ವಿಷಯದಲ್ಲಿ ಒಂದು ದೊಡ್ಡ ಸುದ್ದಿ ಹೊರಬಿತ್ತು. ಕೇಂದ್ರ ಕೃಷಿ ಮಂತ್ರಿಗಳಾದ ಶ್ರೀ ಶಿವರಾಜ್ ಸಿಂಗ್ ಚೌಹಾನ್ ಅವರು ದೆಹಲಿಯಲ್ಲಿ ಎರಡು ಹೊಸ ತಳಿಗಳನ್ನು ಪ್ರಕಟಿಸಿದರು. ಒಂದು, ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯವರ ಡಿ.ಆರ್.ಆರ್. ಧಾನ್ 100, ಇದನ್ನು ಕಮಲಾ ಎಂದು ಕರೆದಿದ್ದಾರೆ. ಇನ್ನೊಂದು, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರ ಪೂಸಾ ಡಿ.ಎಸ್.ಟಿ. ರೈಸ್ 1. ‘ಜೀನೋಮ್ ಎಡಿಟಿಂಗ್’ ಎಂಬ ಹೊಸ ವಿಧಾನದಿಂದ ನಮ್ಮ ದೇಶದಲ್ಲಿ ಸಿದ್ಧವಾದ ಮೊದಲ ಭತ್ತದ ತಳಿಗಳು ಇವು. ಇವುಗಳಿಗೆ ಗುರುತಿಸಿರುವ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಸೇರಿದೆ.

ಈ ಸುದ್ದಿಯ ಮೇಲೆ ಹಳ್ಳಿಯ ಕಟ್ಟೆಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. “ಇದು ಬಿ.ಟಿ. ಹತ್ತಿಯಂಥದೇ, ಅನ್ನದ ತಟ್ಟೆಗೂ ಬಂತು” ಎಂದು ಕೆಲವರು ಅಂಜುತ್ತಾರೆ. “ಸವಳು ಭೂಮಿಗೂ ಬೀಜ ಬಂತಂತೆ, ಇನ್ನು ಬಸಿಗಾಲುವೆ ಏಕೆ, ಜಿಪ್ಸಂ ಏಕೆ?” ಎಂದು ಕೆಲವರು ಹಿಗ್ಗುತ್ತಾರೆ. ಎರಡು ಮಾತೂ ಪೂರ್ತಿ ಸರಿಯಲ್ಲ. ಬೀಜವನ್ನು ಆರಿಸುವವರು ನಾವು. ಲಾಭವಾದರೂ ನಷ್ಟವಾದರೂ ನಮ್ಮ ಹೊಲದ್ದೇ. ಆದುದರಿಂದ ಇದರ ಒಳಹೊರಗನ್ನು ನಾವೇ ತಿಳಿದುಕೊಳ್ಳುವುದು ಒಳ್ಳೆಯದು. ಅದಕ್ಕಾಗಿ ಈ ಪಾಠ.

ಬೀಜದೊಳಗಿನ ಬರಹ

ಬೀಜದಂತೆ ವೃಕ್ಷ ಎಂಬ ಗಾದೆಯನ್ನು ಎಲ್ಲರೂ ಬಲ್ಲೆವು. ಭತ್ತದ ಕಾಳು ಮೊಳೆತರೆ ಭತ್ತವೇ ಆಗುತ್ತದೆ, ರಾಗಿ ಆಗುವುದಿಲ್ಲ. ಇದಕ್ಕೆ ಕಾರಣ, ಬೀಜದ ಒಂದೊಂದು ಜೀವಕೋಶದಲ್ಲಿಯೂ ಇರುವ ಒಂದು ಬರಹ. ಈ ಬರಹಕ್ಕೆ ಇರುವುದು ನಾಲ್ಕೇ ಅಕ್ಷರ. ಆದರೆ ಭತ್ತದಲ್ಲಿ ಆ ನಾಲ್ಕು ಅಕ್ಷರಗಳು ಸುಮಾರು 40 ಕೋಟಿ ಸಲ ಸಾಲಾಗಿ ಜೋಡಣೆಗೊಂಡಿವೆ. ಭಾರತವೂ ಸೇರಿ ಹಲವು ದೇಶಗಳ ವಿಜ್ಞಾನಿಗಳು ಕೂಡಿ ದುಡಿದು 2005ರಲ್ಲಿ ಈ ಬರಹವನ್ನು ಓದಿ ಮುಗಿಸಿದರು.

ಬರಹದಲ್ಲಿ ಒಂದು ಕೆಲಸಕ್ಕೆ ಸಂಬಂಧಿಸಿದ ಸಾಲಿಗೆ ವಂಶವಾಹಿ, ಅಂದರೆ ಜೀನ್ ಎಂದು ಹೆಸರು. ತೆನೆಯಲ್ಲಿ ಕಾಳು ಎಷ್ಟು, ಗಿಡ ಎಷ್ಟು ಎತ್ತರ, ಎಷ್ಟು ದಿನಕ್ಕೆ ಕೊಯ್ಲು, ಇವೆಲ್ಲವನ್ನೂ ಇಂಥ ಸಾಲುಗಳು ನಡೆಸುತ್ತವೆ. ಬರಹವು ತಾಯಿಯಿಂದ ಮಗುವಿಗೆ ಹೋಗುವಾಗ ಆಗೊಂದು ಈಗೊಂದು ಅಕ್ಷರ ತಾನಾಗಿ ತಪ್ಪುತ್ತದೆ. ಅಂಥ ತಪ್ಪಿನಿಂದ ಒಮ್ಮೊಮ್ಮೆ ಒಳ್ಳೆಯ ಗುಣವೂ ಹುಟ್ಟುತ್ತದೆ. ನಮ್ಮ ಹಿರಿಯರು ಗದ್ದೆಯಲ್ಲಿ ಬೇರೆಯಾಗಿ ಕಂಡ ಒಳ್ಳೆಯ ತೆನೆಯನ್ನು ಆರಿಸಿ ಬೀಜಕ್ಕೆ ಇಟ್ಟುಕೊಂಡರಷ್ಟೆ. ಅವರು ಆರಿಸಿದ್ದು ಇಂಥ ಬದಲಾವಣೆಯನ್ನೇ.

ತಾನಾಗಿ ಆಗುವುದಕ್ಕೆ ಕಾಯಬಾರದೆಂದು ವಿಜ್ಞಾನಿಗಳು ಬೀಜಕ್ಕೆ ವಿಕಿರಣ ತಾಗಿಸಿ ಬದಲಾವಣೆ ತರುವ ವಿಧಾನವನ್ನೂ ಕಂಡುಕೊಂಡರು. ನಮ್ಮ ಶೇಂಗಾ ಬೆಳೆಗಾರರಿಗೆ ಪರಿಚಯವಿರುವ ಟಿ.ಎ.ಜಿ. 24 ಎಂಬ ತಳಿ ಮುಂಬಯಿಯ ಟ್ರಾಂಬೆಯಲ್ಲಿರುವ ಅಣುಶಕ್ತಿ ಸಂಶೋಧನಾ ಕೇಂದ್ರದಲ್ಲಿ ಈ ದಾರಿಯಿಂದ ಬಂದದ್ದು. ಆದರೆ ವಿಕಿರಣವು ಕುರುಡು ಏಟು. ಬರಹದ ಯಾವ ಸಾಲಿಗೆ ತಗಲುತ್ತದೆಂದು ಹೇಳುವಂತಿಲ್ಲ. ಸಾವಿರಾರು ಗಿಡ ಬೆಳೆಸಿ, ಒಳ್ಳೆಯದನ್ನು ಹುಡುಕಿ ತೆಗೆಯಬೇಕು.

ಕತ್ತರಿ ಎಲ್ಲಿ ಸಿಕ್ಕಿತು?

ಬೇಕಾದ ಸಾಲಿಗೇ ಹೋಗಿ ಅಲ್ಲಿಯೇ ಕತ್ತರಿಸುವ ಸಾಧನ ಸಿಕ್ಕಿದ್ದು ಸೂಕ್ಷ್ಮ ಜೀವಿಗಳಲ್ಲಿ. ಬ್ಯಾಕ್ಟೀರಿಯಾಗಳಿಗೂ ವೈರಸ್ ರೋಗ ತಗಲುತ್ತದೆ. ಬದುಕಿ ಉಳಿದ ಬ್ಯಾಕ್ಟೀರಿಯಾ ತನ್ನನ್ನು ಕಾಡಿದ ವೈರಸಿನ ಬರಹದ ಒಂದು ತುಣುಕನ್ನು ತನ್ನ ಬರಹದಲ್ಲಿ ಗುರುತಾಗಿ ಇಟ್ಟುಕೊಳ್ಳುತ್ತದೆ. ಅದೇ ವೈರಸ್ ಮತ್ತೆ ಬಂದರೆ ಗುರುತು ಹಿಡಿದು ಕತ್ತರಿಸಿ ಹಾಕುತ್ತದೆ. ಯೋಗರ್ಟ್ ಮತ್ತು ಚೀಸ್ ತಯಾರಿಕೆಯಲ್ಲಿ ಹೆಪ್ಪಿಗೆ ಬಳಸುವ ಒಂದು ಬ್ಯಾಕ್ಟೀರಿಯಾದ ಮೇಲೆ ಪ್ರಯೋಗ ಮಾಡಿ 2007ರಲ್ಲಿ ಇದನ್ನು ತೋರಿಸಿಕೊಟ್ಟರು. ಈ ಏರ್ಪಾಟಿಗೆ ಕ್ರಿಸ್ಪರ್ ಎಂದು ಹೆಸರು.

2012ರಲ್ಲಿ ಎಮಾನ್ಯುಯೆಲ್ ಶಾರ್ಪೆಂಟಿಯರ್ ಮತ್ತು ಜೆನಿಫರ್ ಡೌಡ್ನಾ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು ತಮ್ಮ ಸಂಗಡಿಗರೊಡನೆ, ಈ ಕತ್ತರಿಗೆ ನಾವು ಹೇಳಿದ ಗುರುತನ್ನು ಕೊಟ್ಟು ನಮಗೆ ಬೇಕಾದ ಸ್ಥಳದಲ್ಲಿ ಕತ್ತರಿಸುವಂತೆ ಮಾಡಬಹುದೆಂದು ತೋರಿಸಿದರು. ಅವರಿಬ್ಬರಿಗೆ 2020ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಬಹುಮಾನ ಬಂತು.

ಭತ್ತದ ಜೀವಕೋಶದೊಳಗೆ ಈ ಕತ್ತರಿಯನ್ನು ಕಳುಹಿಸಿದರೆ ಅದು ಗೊತ್ತುಮಾಡಿದ ಸಾಲನ್ನು ಕತ್ತರಿಸುತ್ತದೆ. ಕೋಶವು ಕತ್ತರಿಸಿದ ತುದಿಗಳನ್ನು ತಾನೇ ಬೆಸೆದುಕೊಳ್ಳುತ್ತದೆ. ಬೆಸೆಯುವಾಗ ಒಂದೆರಡು ಅಕ್ಷರ ಬಿಟ್ಟುಹೋಗುತ್ತದೆ ಅಥವಾ ಹೆಚ್ಚಾಗುತ್ತದೆ. ಅಷ್ಟಕ್ಕೇ ಆ ಸಾಲು ಕೆಲಸ ನಿಲ್ಲಿಸುತ್ತದೆ. ಕತ್ತರಿಯನ್ನು ತಂದ ಪರಕೀಯ ಬರಹವು ಮುಂದಿನ ಪೀಳಿಗೆಯ ಎಲ್ಲ ಗಿಡಗಳಲ್ಲಿಯೂ ಉಳಿಯುವುದಿಲ್ಲ. ಅದು ಇಲ್ಲದ ಗಿಡಗಳನ್ನು ಪರೀಕ್ಷಿಸಿ ಆರಿಸಿಕೊಂಡು ತಳಿ ಮಾಡುತ್ತಾರೆ.

ಕಮಲಾ: ಸೋರುವ ತೂಬನ್ನು ಮುಚ್ಚಿದ ತಳಿ

ಕಮಲಾ ತಳಿಯ ತಾಯಿ ಸಾಂಬಾ ಮಹಸೂರಿ, ಅಂದರೆ ಗಂಗಾವತಿ, ಸಿಂಧನೂರು ಕಡೆಯಲ್ಲಿ ನಾವು ಬಿ.ಪಿ.ಟಿ. ಎಂದು ಕರೆಯುವ 5204. ಸಣ್ಣಕ್ಕಿ, ಒಳ್ಳೆಯ ಅನ್ನ, ಒಳ್ಳೆಯ ಬೆಲೆ; ಆದರೆ ದಿನ ಹೆಚ್ಚು, ನೀರೂ ಹೆಚ್ಚು.

ಭತ್ತದ ತೆನೆ ಕಟ್ಟುವ ಹೊತ್ತಿಗೆ ಗಿಡದಲ್ಲಿ ಸೈಟೋಕೈನಿನ್ ಎಂಬ ರಸ ಕೆಲಸ ಮಾಡುತ್ತದೆ. ಅದು ಹೆಚ್ಚಿದ್ದರೆ ತೆನೆಯಲ್ಲಿ ಹೂವು ಹೆಚ್ಚು, ಕಾಳೂ ಹೆಚ್ಚು. ಆದರೆ ಗಿಡದ ಒಂದು ವಂಶವಾಹಿಯು ಈ ರಸವನ್ನು ಕರಗಿಸುವ ಕೆಲಸವನ್ನೂ ಮಾಡುತ್ತಿರುತ್ತದೆ. ಕೆರೆಗೆ ನೀರು ಬರುತ್ತಿದ್ದರೂ ತೂಬು ಸೋರುತ್ತಿದ್ದರೆ ಕೆರೆ ತುಂಬದಲ್ಲವೇ? ಹಾಗೆಯೇ ಇದು. ಈ ವಂಶವಾಹಿಯ ಕೆಲಸ ತಗ್ಗಿದರೆ ಕಾಳು ಹೆಚ್ಚುತ್ತದೆಂದು 2005ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಕೊಂಡರು. ಅಲ್ಲಿನ ಒಂದು ಭತ್ತದಲ್ಲಿ ಅದು ತಾನಾಗಿಯೇ ತಗ್ಗಿತ್ತು. ಹೈದರಾಬಾದಿನವರು ಕತ್ತರಿಯನ್ನು ಹಿಡಿದು ಬಿ.ಪಿ.ಟಿ.ಯಲ್ಲಿ ಆ ತೂಬನ್ನು ಮುಚ್ಚಿದರು.

ಸರ್ಕಾರ ಪ್ರಕಟಿಸಿರುವ ಪ್ರಕಾರ, 2023 ಮತ್ತು 2024ರ ಕ್ಷೇತ್ರ ಪರೀಕ್ಷೆಗಳಲ್ಲಿ ಕಮಲಾ ಹೆಕ್ಟೇರಿಗೆ ಸರಾಸರಿ 5.37 ಟನ್, ತಾಯಿ ತಳಿ 4.5 ಟನ್ ಇಳುವರಿ ಕೊಟ್ಟವು. ಶೇಕಡಾ 19 ಹೆಚ್ಚು. ಕೊಯ್ಲಿಗೆ ಸುಮಾರು 130 ದಿನ, ಅಂದರೆ ತಾಯಿಗಿಂತ 20 ದಿನ ಮುಂಚೆ. ಕಾಲುವೆಯ ಕೊನೆಯಲ್ಲಿ ಜಮೀನು ಇರುವವರಿಗೆ ಈ 20 ದಿನದ ಬೆಲೆ ಗೊತ್ತು. ನೀರು ನಿಲ್ಲಿಸುವ ಹೊತ್ತಿಗೆ ಬೆಳೆ ಹಾಲುಗಾಳಿನಲ್ಲಿ ಸಿಕ್ಕಿಬೀಳುವುದು ತಪ್ಪುತ್ತದೆ; ಹಿಂಗಾರಿಗೆ ಹೊಲವೂ ಬೇಗ ಬಿಡುವಾಗುತ್ತದೆ.

ಪೂಸಾ ಡಿ.ಎಸ್.ಟಿ.: ಸವಳಿಗೆ ತಾಳುವ ತಳಿ

ಇದರ ತಾಯಿ ಎಂ.ಟಿ.ಯು. 1010. ಗಿಡದ ಎಲೆಗಳಲ್ಲಿ ಕಣ್ಣಿಗೆ ಕಾಣದ ಸಣ್ಣ ಬಾಯಿಗಳಿವೆ. ಅವುಗಳ ಮೂಲಕ ಗಿಡ ಉಸಿರಾಡುತ್ತದೆ. ನೀರು ಆವಿಯಾಗಿ ಹೋಗುವುದೂ ಅಲ್ಲಿಂದಲೇ. ಡಿ.ಎಸ್.ಟಿ. ಎಂಬ ವಂಶವಾಹಿಯು ಈ ಬಾಯಿಗಳು ಮುಚ್ಚದಂತೆ ನೋಡಿಕೊಳ್ಳುತ್ತದೆ. ಇದನ್ನು 2009ರಲ್ಲಿ ಚೀನಾದ ವಿಜ್ಞಾನಿಗಳು ವಿವರಿಸಿದರು. ನೀರು ಸಮೃದ್ಧಿಯಾಗಿದ್ದಾಗ ಇದರಿಂದ ತೊಂದರೆಯಿಲ್ಲ. ಬರ ಬಂದಾಗ ಅಥವಾ ಮಣ್ಣಿನಲ್ಲಿ ಉಪ್ಪು ಹೆಚ್ಚಿದಾಗ, ಬಾಯಿ ತೆರೆದೇ ಇದ್ದರೆ ಗಿಡ ಬಾಡುತ್ತದೆ. ಆ ವಂಶವಾಹಿಯ ಕೆಲಸ ನಿಲ್ಲಿಸಿದರೆ ಎಲೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ.

ಶೇಕಡಾ ಬೇರೆ, ಚೀಲ ಬೇರೆ

ಈ ಎರಡನೆಯ ತಳಿಯ ವಿಷಯದಲ್ಲಿ “ಶೇಕಡಾ 30 ಹೆಚ್ಚು ಇಳುವರಿ” ಎಂಬ ಮಾತು ಎಲ್ಲೆಡೆ ಹಬ್ಬಿದೆ. ಲೆಕ್ಕವನ್ನು ಬಿಡಿಸಿ ನೋಡೋಣ. ಪ್ರಕಟವಾದ ಅಂಕಿಗಳು ಹೆಕ್ಟೇರಿಗೆ ಹೀಗಿವೆ:

ಕರಾವಳಿಯ ಉಪ್ಪು ಭೂಮಿಯಲ್ಲಿ ತಾಯಿ ತಳಿ 1,912 ಕಿಲೋ, ಹೊಸ ತಳಿ 2,493 ಕಿಲೋ. ಹೆಚ್ಚಳ ಶೇಕಡಾ 30.4.

ಕ್ಷಾರ ಭೂಮಿಯಲ್ಲಿ ತಾಯಿ 3,254 ಕಿಲೋ, ಹೊಸದು 3,731 ಕಿಲೋ. ಹೆಚ್ಚಳ ಶೇಕಡಾ 14.66.

ಒಳನಾಡಿನ ಸವಳು ಭೂಮಿಯಲ್ಲಿ ತಾಯಿ 3,199 ಕಿಲೋ, ಹೊಸದು 3,508 ಕಿಲೋ. ಹೆಚ್ಚಳ ಶೇಕಡಾ 9.66.

ತುಂಗಭದ್ರಾ ಕಾಲುವೆಯ ಕೆಳಗೆ ಸವಳು-ಜವಳು ಹಿಡಿದ ಹೊಲಗಳಿಗೆ ಕರಾವಳಿಯ ಅಂಕಿ ಹೊಂದುವುದಿಲ್ಲ. ಹೊಲವು ಸವಳಾಗಿದ್ದರೆ ಮೂರನೆಯ ಅಂಕಿಯನ್ನು, ಕ್ಷಾರವಾಗಿದ್ದರೆ ಎರಡನೆಯದನ್ನು ನೋಡಬೇಕು. ಮೂರನೆಯದರಲ್ಲಿ ಹೆಕ್ಟೇರಿಗೆ ಹೆಚ್ಚುವರಿ 309 ಕಿಲೋ. ಎಕರೆಗೆ ಸುಮಾರು 125 ಕಿಲೋ. ನಮ್ಮ 75 ಕಿಲೋ ಚೀಲದಲ್ಲಿ ಎರಡು ಚೀಲಕ್ಕೂ ಕಡಿಮೆ. ಎರಡನೆಯದರಲ್ಲಿ ಎಕರೆಗೆ ಸುಮಾರು 193 ಕಿಲೋ, ಎರಡೂವರೆ ಚೀಲ. ಇದು ಸಿಕ್ಕರೆ ಬೇಡವೆನ್ನುವವರಿಲ್ಲ. ಆದರೆ ಇದನ್ನು ನಂಬಿ ಬಸಿಗಾಲುವೆಯ ಹೂಳು ತೆಗೆಯುವುದನ್ನು ಬಿಟ್ಟರೆ, ಬೀಜ ಕೊಟ್ಟದ್ದನ್ನು ಉಪ್ಪು ಕಸಿದುಕೊಳ್ಳುತ್ತದೆ.

ಇನ್ನೊಂದು ವಿಷಯವನ್ನು ಗಮನಿಸಿರಿ. ಶೇಕಡಾವಾರು ಹೆಚ್ಚಳ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಕರಾವಳಿ ಭೂಮಿಯಲ್ಲಿಯೇ ಒಟ್ಟು ಇಳುವರಿ ಎಲ್ಲಕ್ಕಿಂತ ಕಡಿಮೆ. ಆದುದರಿಂದ ಯಾರಾದರೂ ಶೇಕಡಾ ಹೇಳಿದರೆ, “ಎಷ್ಟರ ಮೇಲೆ? ಎಂಥ ಭೂಮಿಯಲ್ಲಿ?” ಎಂದು ಕೇಳಿರಿ. ಅದನ್ನು ಚೀಲಕ್ಕೆ ಇಳಿಸಿ ನೋಡಿರಿ.

ಕುಲಾಂತರಿಗೂ ಇದಕ್ಕೂ ಏನು ಭೇದ?

2002ರಲ್ಲಿ ನಮ್ಮ ದೇಶದಲ್ಲಿ ಒಪ್ಪಿಗೆ ಪಡೆದ ಬಿ.ಟಿ. ಹತ್ತಿ ಕುಲಾಂತರಿ ಬೆಳೆ. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾದ ವಂಶವಾಹಿಯನ್ನು ತಂದು ಹತ್ತಿಯ ಬರಹದೊಳಗೆ ಸೇರಿಸಿದ್ದಾರೆ. ಬಿ.ಟಿ. ಬದನೆಯ ವಿಷಯದಲ್ಲಿ ದೇಶದ ಹಲವೆಡೆ ಸಾರ್ವಜನಿಕ ಸಭೆಗಳು ನಡೆದು, ಬೆಂಗಳೂರಿನಲ್ಲಿಯೂ ಸಭೆಯಾಗಿ, 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅದನ್ನು ತಡೆಹಿಡಿದದ್ದು ನಿಮಗೆ ನೆನಪಿರಬಹುದು. ಕಮಲಾ ಮತ್ತು ಪೂಸಾ ಡಿ.ಎಸ್.ಟಿ. ತಳಿಗಳಲ್ಲಿ ಹೊರಗಿನ ಜೀವಿಯ ವಂಶವಾಹಿಯನ್ನು ಸೇರಿಸಿಲ್ಲ. ಭತ್ತದ ಸ್ವಂತ ಬರಹದಲ್ಲಿ ಒಂದು ಸಾಲನ್ನು ನಿಲ್ಲಿಸಿದ್ದಾರೆ. ಆದುದರಿಂದ ಒಂದನ್ನು ಕುಲಾಂತರಿ ಎಂದೂ ಇನ್ನೊಂದನ್ನು ತಿದ್ದಿದ ತಳಿ ಎಂದೂ ಬೇರೆ ಬೇರೆಯಾಗಿ ಕರೆಯುವುದು ಸರಿ.

ಸರ್ಕಾರದ ನೀತಿಯೂ ಈ ಭೇದದ ಮೇಲೆಯೇ ನಿಂತಿದೆ. ತಿದ್ದುಪಡಿಯನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಮೊದಲನೆಯದು, ಬರೀ ಕತ್ತರಿಸಿ ಬಿಡುವುದು. ಎರಡನೆಯದು, ಕತ್ತರಿಸಿದ ಕಡೆ ಒಂದು ಮಾದರಿಯನ್ನು ಕೊಟ್ಟು ಕೆಲವು ಅಕ್ಷರಗಳನ್ನು ಬದಲಿಸುವುದು. ಮೂರನೆಯದು, ಕತ್ತರಿಸಿದ ಜಾಗದಲ್ಲಿ ಹೊರಗಿನ ವಂಶವಾಹಿಯನ್ನೇ ಕೂರಿಸುವುದು. 2022ರ ಮಾರ್ಚ್ 30ರಂದು ಕೇಂದ್ರದ ಪರಿಸರ ಮಂತ್ರಾಲಯವು, ಹೊರಗಿನ ವಂಶವಾಹಿ ಉಳಿದಿಲ್ಲವೆಂದು ರುಜುವಾತಾದ ಮೊದಲ ಎರಡು ಬಗೆಯ ಗಿಡಗಳಿಗೆ, ಕುಲಾಂತರಿ ಬೆಳೆಗಳ ಮೇಲಿರುವ 1989ರ ನಿಯಮಗಳ 7ರಿಂದ 11ರವರೆಗಿನ ಕಟ್ಟಳೆಗಳಿಂದ ವಿನಾಯಿತಿ ಕೊಟ್ಟಿತು. ಮೂರನೆಯ ಬಗೆಗೆ ವಿನಾಯಿತಿಯಿಲ್ಲ. ನಮ್ಮ ಎರಡು ಭತ್ತಗಳೂ ಮೊದಲನೆಯ ಬಗೆಗೆ ಸೇರಿದವು.

ಎಲ್ಲ ದೇಶಗಳೂ ಒಂದೇ ದಾರಿ ಹಿಡಿಯಲಿಲ್ಲ. ಯುರೋಪಿನ ಒಕ್ಕೂಟದ ನ್ಯಾಯಾಲಯ 2018ರಲ್ಲಿ, ತಿದ್ದಿದ ಗಿಡಗಳಿಗೂ ಕುಲಾಂತರಿ ಕಾಯಿದೆಯೇ ಅನ್ವಯಿಸುತ್ತದೆಂದು ತೀರ್ಪಿತ್ತಿತು. ಜಪಾನಿನಲ್ಲಾದರೋ 2021ರಲ್ಲಿಯೇ ತಿದ್ದಿದ ಟೊಮೆಟೊ ಅಂಗಡಿಗೆ ಬಂತು.

ಆಕ್ಷೇಪಿಸುವವರು ಏನೆನ್ನುತ್ತಾರೆ?

ಕತ್ತರಿ ಹೇಳಿದ ಸಾಲನ್ನಲ್ಲದೆ ಅದನ್ನು ಹೋಲುವ ಬೇರೆ ಸಾಲನ್ನೂ ಕತ್ತರಿಸಬಹುದು. ಆದುದರಿಂದ ಕುಲಾಂತರಿಯಂತೆಯೇ ಪೂರ್ಣ ಸುರಕ್ಷತಾ ಪರೀಕ್ಷೆ ಆಗಬೇಕೆಂಬುದು ಒಂದು ವಾದ. ಇದಕ್ಕೆ ಉತ್ತರವಾಗಿ ವಿಜ್ಞಾನಿಗಳು, ಬರಹವನ್ನು ಮತ್ತೆ ಓದಿ ಇಂಥ ತಪ್ಪನ್ನು ಪತ್ತೆಹಚ್ಚಬಹುದು, ವಿಕಿರಣದಿಂದ ಆಗುವ ಬದಲಾವಣೆ ಇದಕ್ಕಿಂತ ಬಹಳ ಹೆಚ್ಚು ಎನ್ನುತ್ತಾರೆ. ಕೆಲವು ಸಂಘಟನೆಗಳು 2025ರಲ್ಲಿಯೇ, ಕ್ಷೇತ್ರ ಪರೀಕ್ಷೆಗಳ ಅಂಕಿಗಳು ಹೇಳಿಕೊಂಡಷ್ಟು ಮೇಲ್ಮೆಯನ್ನು ಎಲ್ಲ ಕಡೆಯೂ ತೋರಿಸುವುದಿಲ್ಲವೆಂದು ಆಕ್ಷೇಪಿಸಿದವು. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ಆ ಆಕ್ಷೇಪವನ್ನು ಅಲ್ಲಗಳೆಯಿತು. ದೊಡ್ಡವರ ಚರ್ಚೆ ನಡೆಯಲಿ. ಚರ್ಚೆ ಇದೆಯೆಂಬುದನ್ನು ನಾವು ತಿಳಿದಿರೋಣ. ನಮ್ಮ ಹೊಲದ ಮಟ್ಟಿಗಿನ ತೀರ್ಪನ್ನು ನಮ್ಮ ತಕ್ಕಡಿಯೇ ಹೇಳಲಿ.

ಬೀಜ ಯಾರ ಸ್ವತ್ತು?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಕ್ರಿಸ್ಪರ್ ಕತ್ತರಿಯ ಮೇಲೆ ವಿದೇಶದ ವಿಶ್ವವಿದ್ಯಾಲಯಗಳೂ ಸಂಸ್ಥೆಗಳೂ ಪೇಟೆಂಟ್ ಪಡೆದಿವೆ. ಆ ಸಾಧನದಿಂದ ಮಾಡಿದ ತಳಿಯನ್ನು ಮಾರಾಟಕ್ಕೆ ಬಿಡುವ ಮೊದಲು ಅವರೊಡನೆ ಲೈಸೆನ್ಸಿನ ವಿಷಯ ಇತ್ಯರ್ಥವಾಗಬೇಕು. ಈ ಹಂಗು ಬೇಡವೆಂದು ಕಟಕ್ ಭತ್ತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಟಿ.ಎನ್.ಪಿ.ಬಿ. ಎಂಬ, ಇನ್ನೂ ಚಿಕ್ಕದಾದ ಬೇರೊಂದು ಕತ್ತರಿಯನ್ನು ಭತ್ತದಲ್ಲಿ ಕೆಲಸ ಮಾಡುವಂತೆ ಅಣಿಗೊಳಿಸಿದ್ದಾರೆ.

ರೈತನ ಹಕ್ಕಿನ ವಿಷಯದಲ್ಲಿ ನಾವು ತಿಳಿದಿರಬೇಕಾದ ಕಾನೂನು ಎರಡು. ಭಾರತದ ಪೇಟೆಂಟ್ ಕಾಯಿದೆಯ 3(ಜೆ) ಕಲಮಿನ ಪ್ರಕಾರ ಗಿಡಕ್ಕಾಗಲಿ ಬೀಜಕ್ಕಾಗಲಿ ತಳಿಗಾಗಲಿ ಪೇಟೆಂಟ್ ಕೊಡುವುದಿಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ 39ನೆಯ ಕಲಮು, ರಕ್ಷಿತ ತಳಿಯ ಬೀಜವನ್ನೂ ರೈತನು ಉಳಿಸಿಕೊಳ್ಳಲು, ಮತ್ತೆ ಬಿತ್ತಲು, ನೆರೆಯವರೊಡನೆ ಬದಲಾಯಿಸಿಕೊಳ್ಳಲು, ಮಾರಲು ಹಕ್ಕು ಕೊಟ್ಟಿದೆ. ಆದರೆ ಬ್ರಾಂಡಿನ ಹೆಸರಿಟ್ಟು, ಚೀಲ ಕಟ್ಟಿ, ಚೀಟಿ ಹಚ್ಚಿ ಮಾರುವಂತಿಲ್ಲ. ಈ ಎರಡು ಭತ್ತಗಳೂ ಹೈಬ್ರಿಡ್ ಅಲ್ಲ. ಭತ್ತವು ತನ್ನ ಪರಾಗದಿಂದಲೇ ಕಾಳು ಕಟ್ಟುವ ಬೆಳೆಯಾದ್ದರಿಂದ, ಬೆರಕೆ ಕಿತ್ತು ಶುದ್ಧವಾಗಿ ಇಟ್ಟುಕೊಂಡರೆ ಬೀಜ ವರ್ಷವರ್ಷಕ್ಕೂ ಅದೇ ಗುಣ ಕೊಡುತ್ತದೆ.

ನಾವು ಮಾಡಬೇಕಾದದ್ದು

1. ಮಣ್ಣು ಪರೀಕ್ಷೆ ಮೊದಲು. ಬೆಳ್ಳಗಿರುವುದೆಲ್ಲ ಹಾಲಲ್ಲ, ಹೊಲದಲ್ಲಿ ಕಾಣುವ ಬಿಳುಪೆಲ್ಲ ಒಂದೇ ಬಗೆಯ ಉಪ್ಪಲ್ಲ. ಸವಳು ಭೂಮಿಗೆ ಬೇಕಾದದ್ದು ಒಳ್ಳೆಯ ನೀರು ಕಟ್ಟಿ ಬಸಿದು ಉಪ್ಪನ್ನು ತೊಳೆಯುವುದು. ರಸಸಾರ ಅಂದರೆ ಪಿ.ಎಚ್. 8.5ಕ್ಕೆ ಮೇಲಾದ ಕ್ಷಾರ ಭೂಮಿಗೆ ಜಿಪ್ಸಂ ಬೇಕು. ಬರೀ ಸವಳಿಗೆ ಜಿಪ್ಸಂ ಹಾಕಿದರೆ ಹಣ ಮಣ್ಣುಪಾಲು. ಬೀಜ ಯಾವುದೇ ಆಗಲಿ, ಈ ಕೆಲಸ ತಪ್ಪದು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ವಿಷಯವಾಗಿಯೇ ಸಂಶೋಧನೆ ನಡೆಯುತ್ತದೆ, ಅಲ್ಲಿ ವಿಚಾರಿಸಿರಿ.

2. ಚೀಟಿ ನೋಡಿ ಬೀಜ ಕೊಳ್ಳಿರಿ. ಹೊಸ ತಳಿ ಪ್ರಕಟವಾದ ಕೂಡಲೇ ಚೀಲಗಟ್ಟಲೆ ಬೀಜ ಬರುವುದಿಲ್ಲ. ತಳಿವರ್ಧಕ ಬೀಜ, ಅದರಿಂದ ಮೂಲ ಬೀಜ, ಅದರಿಂದ ಪ್ರಮಾಣಿತ ಬೀಜ. ಒಂದೊಂದಕ್ಕೂ ಒಂದೊಂದು ಬೆಳೆಯ ಕಾಲ ಬೇಕು. ತಳಿವರ್ಧಕ ಬೀಜಕ್ಕೆ ಹೊನ್ನಿನ ಹಳದಿ, ಮೂಲ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ ಇರುತ್ತದೆ. ಯಾರಾದರೂ ಸಂತೆಯಲ್ಲಿ ಚೀಟಿಯಿಲ್ಲದ ಬೀಜವನ್ನು “ಇದೇ ಕಮಲಾ” ಎಂದು ಹೆಚ್ಚಿನ ಬೆಲೆಗೆ ಮಾರಿದರೆ ಕೊಳ್ಳಬೇಡಿರಿ. ಕಣ್ಣಿಗೆ ಬಿ.ಪಿ.ಟಿ.ಯಂತೆಯೇ ಕಾಣುವ ಕಾಳನ್ನು ಕೈಯಲ್ಲಿ ಹಿಡಿದು ಗುರುತಿಸಲು ಆಗದು. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ರಸೀದಿ ಪಡೆದು, ಚೀಟಿಯನ್ನು ಕೊಯ್ಲಿನ ತನಕ ಜೋಪಾನ ಮಾಡಿರಿ.

3. ಮೊದಲ ವರ್ಷ ಐದೇ ಗುಂಟೆ. ಪಕ್ಕದಲ್ಲಿಯೇ ನಿಮ್ಮ ಹಳೆಯ ತಳಿಯನ್ನೂ ಐದು ಗುಂಟೆ ಹಾಕಿರಿ. ಒಂದೇ ದಿನ ಸಸಿಮಡಿ, ಒಂದೇ ಗೊಬ್ಬರ, ಒಂದೇ ನೀರು. ಒಂದಕ್ಕೆ ಹೆಚ್ಚು ಉಪಚಾರ ಮಾಡಿದರೆ ಪರೀಕ್ಷೆ ಕೆಟ್ಟಿತು. ಕೊಯ್ಲಿನಲ್ಲಿ ಎರಡರಲ್ಲಿಯೂ ಬದುವಿನಿಂದ ದೂರವಾಗಿ, ನಡುವೆ 5 ಮೀಟರ್ ಉದ್ದ 5 ಮೀಟರ್ ಅಗಲ ಗುರುತು ಮಾಡಿ ಬೇರೆ ಬೇರೆ ಕೊಯ್ದು, ಬಡಿದು, ತೂರಿ, ಒಂದೇ ಸಮನಾಗಿ ಒಣಗಿಸಿ ತೂಗಿರಿ. ಬಂದ ಕಿಲೋವನ್ನು 160ರಿಂದ ಗುಣಿಸಿದರೆ ಹೆಚ್ಚುಕಡಿಮೆ ಎಕರೆಯ ಇಳುವರಿ ಸಿಗುತ್ತದೆ. 13 ಕಿಲೋ ಬಂದರೆ 2,080 ಕಿಲೋ, ಅಂದರೆ ಸುಮಾರು 21 ಕ್ವಿಂಟಾಲ್.

4. ಮನೆಯವರನ್ನೂ ಕೇಳಿರಿ. ಅಕ್ಕಿ ಮಾಡಿಸಿ ಅನ್ನ ಬೇಯಿಸಿ ನೋಡಿದ ಮೇಲೆ ಮನೆಯ ಹೆಣ್ಣುಮಕ್ಕಳು ಏನೆನ್ನುತ್ತಾರೆ, ಮಿಲ್ಲಿನವರು ಎಷ್ಟು ಬೆಲೆ ಕಟ್ಟುತ್ತಾರೆ, ಇವೆರಡನ್ನೂ ಇಳುವರಿಯ ಜೊತೆಗೆ ಬರೆದಿಡಿರಿ. ಹುಲ್ಲು ದನಕ್ಕೆ ಸಾಕಾಯಿತೇ ಎಂಬುದನ್ನೂ ಬರೆಯಿರಿ.

5. ಹಳೆಯ ಬೀಜವನ್ನು ಕಳೆದುಕೊಳ್ಳಬೇಡಿರಿ. ಹೊಸದು ಎಷ್ಟೇ ಚೆನ್ನಾಗಿ ಬಂದರೂ ಹಳೆಯದರ ಒಂದು ಚೀಲ ಕಣಜದಲ್ಲಿರಲಿ. ಕಮಲಾ ಹುಟ್ಟಿದ್ದೂ ಹಳೆಯ ಬಿ.ಪಿ.ಟಿ.ಯಿಂದ, ತಾಯಿ ಇಲ್ಲದಿದ್ದರೆ ತಿದ್ದುವುದಕ್ಕೆ ಏನೂ ಇರುತ್ತಿರಲಿಲ್ಲ.

ಓದಿದ ಮೇಲೆ ಚರ್ಚಿಸಲು ಪ್ರಶ್ನೆಗಳು

(ಯುವಕ ಮಂಡಲ, ಮಹಿಳಾ ಮಂಡಲ, ರೈತ ಗುಂಪುಗಳಲ್ಲಿ ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಉತ್ತರ ಹೇಳುವುದು.)

1. ಬಿ.ಟಿ. ಹತ್ತಿಗೂ ಕಮಲಾ ಭತ್ತಕ್ಕೂ ಇರುವ ಮುಖ್ಯ ಭೇದವೇನು?

2. 2022ರ ಆಜ್ಞೆಯು ಯಾವ ಬಗೆಯ ತಿದ್ದುಪಡಿಗೆ ವಿನಾಯಿತಿ ಕೊಟ್ಟಿಲ್ಲ?

3. ಕ್ಷಾರ ಭೂಮಿಯಲ್ಲಿ ಪೂಸಾ ಡಿ.ಎಸ್.ಟಿ. ಎಕರೆಗೆ ಎಷ್ಟು ಚೀಲ ಹೆಚ್ಚು ಕೊಟ್ಟಿತು? ನಿಮ್ಮ ಊರಿನ ಈಗಿನ ಧಾರಣೆಯಲ್ಲಿ ಅದರ ಬೆಲೆ ಎಷ್ಟು?

4. ನೆರೆಯ ರೈತನಿಗೆ ಬೀಜ ಕೊಡುವಾಗ ಕಾನೂನು ಯಾವುದನ್ನು ಒಪ್ಪುತ್ತದೆ, ಯಾವುದನ್ನು ಒಪ್ಪುವುದಿಲ್ಲ?

5. ನಿಮ್ಮ ಊರಿನಲ್ಲಿ ಐದು ಗುಂಟೆಯ ಪರೀಕ್ಷೆಗೆ ಹೊಲ ಕೊಡುವವರು ಯಾರು? ಹೆಸರನ್ನು ಬರೆದಿಡಿರಿ. ಮುಂದಿನ ಸಲ ಊರಿಗೆ ಬಂದಾಗ ಆ ಪಟ್ಟಿಯನ್ನು ನನ್ನ ಕೈಗೆ ಕೊಡಿರಿ. ಮಣ್ಣಿನ ಮಾದರಿ ತೆಗೆಯುವ ಕೆಲಸವನ್ನು ಅಂದೇ ಕೂಡಿ ಮಾಡೋಣ.

— ನಿಮ್ಮ ಗ್ರಾಮಸೇವಕ